ಬೈಕ್ ಸವಾರಿ ಕಾರು ಚಾಲಕನಿಗೆ ಏನು ಕಲಿಸುತ್ತದೆ?

ಧಾರವಾಡದಿಂದ ಸವದತ್ತಿಯ ಕಡೆಗೆ ಹೊರಟರೆ ಸುಮಾರು 10 ಕಿಲೋಮೀಟರಿಗೆ ಅಮ್ಮಿನಬಾವಿ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದವರಿಗೆ ಈ ಹೆಸರು ಪರಿಚಿತ. ಅವಳಿ ನಗರಕ್ಕೆ ಬರುವ ಮಲಪ್ರಭೆಯ ನೀರು ಶುದ್ಧವಾಗುವುದು ಇಲ್ಲಿನ ಘಟಕದಲ್ಲಿ. ರಸ್ತೆಯ ಎರಡೂ ಬದಿಗೆ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಗೋಧಿ. ರಸ್ತೆಯ ಮೇಲೆ ಸಾರಿಗೆ ಸಂಸ್ಥೆಯ ಬಸ್ಸು, ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಟಂಟಂ, ಚಕ್ಕಡಿ, ಹುಣ್ಣಿಮೆಯ ದಿನಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟ ಯಾತ್ರಿಕರು. ಎಲ್ಲಕ್ಕಿಂತ ಹೆಚ್ಚಾಗಿ ಬೈಕುಗಳು.

ಇಂಥ ರಸ್ತೆಯಲ್ಲಿ ಕಾರು ನಡೆಸುವವರನ್ನು ಗಮನಿಸಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಕೆಲವರು ಹೊಲದ ದಾರಿ ಬಂದು ಕೂಡುವಲ್ಲಿ ಕಾರಣವಿಲ್ಲದೆ ವೇಗ ತಗ್ಗಿಸುತ್ತಾರೆ. ಎದುರಿನ ಬೈಕಿಗೆ ಇನ್ನಷ್ಟು ಜಾಗ ಬಿಡುತ್ತಾರೆ. ರಸ್ತೆಯ ಅಂಚಿನ ಉಸುಕನ್ನು ನೋಡಿ, ಪಕ್ಕದ ಸವಾರ ಯಾವ ಕಡೆ ಸರಿಯಬಹುದೆಂದು ಮೊದಲೇ ಊಹಿಸುತ್ತಾರೆ. ಕೇಳಿದರೆ, 'ನಾನೂ ವರ್ಷಗಟ್ಟಲೆ ಬೈಕ್ ಹೊಡೆದವನು' ಎನ್ನುತ್ತಾರೆ. ಇದು ಬರಿಯ ಹೆಮ್ಮೆಯ ಮಾತೋ, ಅದರಲ್ಲಿ ವಿಜ್ಞಾನವೂ ಉಂಟೋ?

ಪ್ರಶ್ನೆ ಚಿಕ್ಕದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಕಾರು ಮತ್ತು ಬೈಕು ಮುಖಾಮುಖಿಯಾದಾಗ ಪೆಟ್ಟು ಯಾರಿಗೆ ಎಂಬುದನ್ನು ಸಂವೇಗ ಸಂರಕ್ಷಣೆಯ ನಿಯಮವೇ ಹೇಳಿಬಿಡುತ್ತದೆ. 1000 ಕಿಲೋಗ್ರಾಂ ತೂಕದ ಕಾರು ಮತ್ತು ಸವಾರನೂ ಸೇರಿ 180 ಕಿಲೋಗ್ರಾಂ ತೂಗುವ ಬೈಕು, ಎರಡೂ ಗಂಟೆಗೆ 40 ಕಿಮೀ ವೇಗದಲ್ಲಿ ಎದುರುಬದುರಾಗಿ ಗುದ್ದಿ ಅಂಟಿಕೊಂಡವು ಎನ್ನಿ. ಗುದ್ದಿದ ಮೇಲೆ ಎರಡರ ಸಮಾನ ವೇಗ ಕಾರಿನ ದಿಕ್ಕಿನಲ್ಲಿ ಗಂಟೆಗೆ ಸುಮಾರು 28 ಕಿಮೀ. ಅಂದರೆ ಕಾರಿನ ವೇಗದಲ್ಲಾದ ಬದಲಾವಣೆ ಕೇವಲ 12 ಕಿಮೀ. ಬೈಕಿನದು 68 ಕಿಮೀ. ಕಾರಿನೊಳಗಿನವರು ಬೆಲ್ಟು ಕಟ್ಟಿಕೊಂಡಿದ್ದರೆ ಮೈ ಕೊಡವಿಕೊಂಡು ಇಳಿಯಬಹುದು. ಬೈಕಿನವನ ಬಗ್ಗೆ ಹಾಗೆ ಹೇಳಲಾಗದು.

ನೋಡಿದರೂ ಕಾಣಲಿಲ್ಲ

ಅಪಘಾತದ ನಂತರ ಕಾರು ಚಾಲಕರು ಹೇಳುವ ಮಾತು ಎಲ್ಲ ದೇಶಗಳಲ್ಲೂ ಒಂದೇ: 'ನಾನು ನೋಡಿದೆ, ಯಾರೂ ಇರಲಿಲ್ಲ, ಬೈಕು ಎಲ್ಲಿಂದ ಬಂತೋ ಗೊತ್ತಿಲ್ಲ.' ಇದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಅನೇಕ ವೇಳೆ ಅದು ನಿಜ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಸುತ್ತಲಿನ 900ರಷ್ಟು ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಬೈಕಿನೊಂದಿಗೆ ಇನ್ನೊಂದು ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರನೆಯ ಎರಡು ಪಾಲಿನಲ್ಲಿ ಬೈಕಿಗೆ ದಾರಿ ಬಿಡಬೇಕಾಗಿದ್ದ ಇನ್ನೊಂದು ವಾಹನವೇ ಅಡ್ಡಬಂದಿತ್ತು. ಅದೇ ವರದಿಯಲ್ಲಿ ಮತ್ತೊಂದು ಮಾತಿದೆ: ಹಾಗೆ ಅಡ್ಡ ಬಂದ ಚಾಲಕರಲ್ಲಿ ಹೆಚ್ಚಿನವರಿಗೆ ಬೈಕಿನ ಪರಿಚಯವೇ ಇರಲಿಲ್ಲ. ನಮ್ಮ ಪ್ರಶ್ನೆಯ ಮೊದಲ ಸುಳಿವು ಇದು.

ಕಣ್ಣು ಕ್ಯಾಮರಾದಂತೆ ಇಡೀ ದೃಶ್ಯವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಅಕ್ಷಿಪಟದ ನಡುವಿನ ಒಂದು ಚಿಕ್ಕ ಭಾಗದಲ್ಲಿ ಮಾತ್ರ ನೋಟ ತೀಕ್ಷ್ಣ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ಕೈ ಚಾಚಿ ಹೆಬ್ಬೆರಳು ನಿಲ್ಲಿಸಿದರೆ ಅದರ ಅಗಲದಷ್ಟು. ಉಳಿದದ್ದೆಲ್ಲ ಮಸುಕು. ಆದ್ದರಿಂದ ಕಣ್ಣು ಜಿಗಿಯುತ್ತ ಹೋಗುತ್ತದೆ. ಒಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಜಿಗಿತದ ಆ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಮಿದುಳು ನೋಟವನ್ನು ಅದುಮಿಡುತ್ತದೆ. ಇಲ್ಲದಿದ್ದರೆ ಪ್ರತಿ ಜಿಗಿತಕ್ಕೂ ಲೋಕವೇ ಅಲುಗಿದಂತೆ ಕಂಡೀತು. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಬದಲಾಯಿಸುತ್ತ ನೋಡಿ. ಕಣ್ಣು ಚಲಿಸುವುದು ನಿಮಗೆ ಎಂದೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ.

ಕೂಡುರಸ್ತೆಯಲ್ಲಿ ಕಾರು ಚಾಲಕ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸರ್ರನೆ ಕಣ್ಣು ಹಾಯಿಸಿದರೆ ಎರಡೋ ಮೂರೋ ಕಡೆ ಮಾತ್ರ ನೋಟ ನಿಂತಿರುತ್ತದೆ. ನಡುವಿನ ತೆರಪನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಬಸ್ಸು, ಲಾರಿ ಆ ತೆರಪಿನಲ್ಲಿ ಅಡಗಲಾರವು. ಬೈಕು ಅಡಗಬಲ್ಲದು.

ನೋಟ ಸರಿಯಾದ ಕಡೆ ನಿಂತರೂ ಸಾಲದು. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರಿ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗ ಪ್ರಸಿದ್ಧ. ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಸಲ ಕೈ ಬದಲಾಯಿಸಿದರು ಎಂದು ಎಣಿಸುತ್ತಿದ್ದ ವೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಆಟಗಾರರ ನಡುವೆಯೇ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ. ಕಣ್ಣು ಬೆಳಕನ್ನು ಹಿಡಿದಿತ್ತು. ಗಮನ ಬೇರೆಡೆ ಇತ್ತು. ಕಾರು, ಬಸ್ಸುಗಳನ್ನಷ್ಟೇ ಅಪಾಯವೆಂದು ಹುಡುಕುವ ಚಾಲಕನಿಗೆ ಬೈಕು ಆ ಗೊರಿಲ್ಲಾದಂತೆ.

ಬೈಕ್ ಸವಾರನಾಗಿ ರಸ್ತೆಗೆ ಇಳಿದವನ ಹುಡುಕಾಟದ ಪಟ್ಟಿಯೇ ಬೇರೆ. ಗುಂಡಿ, ನಾಯಿ, ಸೈಕಲ್ಲು, ಬಾಗಿಲು ತೆರೆಯಲಿರುವ ಕಾರು, ಎದುರಿನ ಇನ್ನೊಂದು ಬೈಕು, ಎಲ್ಲವೂ ಅವನಿಗೆ ಅಪಾಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಡೇವಿಡ್ ಕ್ರಂಡಲ್ ಮತ್ತು ಸಂಗಡಿಗರು ಚಾಲಕರಿಗೆ ಕೂಡುರಸ್ತೆಯ ಚಿತ್ರಣಗಳನ್ನು ತೋರಿಸಿ ಕಣ್ಣಿನ ಚಲನೆಯನ್ನು ಅಳೆದರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ ಬೈಕು, ಕಾರು ಎರಡನ್ನೂ ಓಡಿಸುವವರ ನೋಟ ಬರುತ್ತಿರುವ ಬೈಕಿನ ಮೇಲೆ ಉಳಿದವರ ನೋಟಕ್ಕಿಂತ ಹೆಚ್ಚು ಹೊತ್ತು ನಿಂತಿತು. ಆ ಚೂರು ಹೆಚ್ಚಿನ ಹೊತ್ತಿನಲ್ಲಿ ಮಿದುಳು ಒಂದು ಲೆಕ್ಕ ಮಾಡುತ್ತದೆ. ಆ ಲೆಕ್ಕ ಸ್ವಾರಸ್ಯಕರವಾದದ್ದು.

ಹಿಗ್ಗುವ ಚಿತ್ರ

ಎದುರಿನ ವಾಹನ ಎಷ್ಟು ಬೇಗ ಬರುತ್ತಿದೆ ಎಂಬುದನ್ನು ಕಣ್ಣು ನೇರವಾಗಿ ಅಳೆಯಲಾರದು. ಅಕ್ಷಿಪಟದ ಮೇಲೆ ಅದರ ಬಿಂಬ ಎಷ್ಟು ಬೇಗ ಹಿಗ್ಗುತ್ತಿದೆ ಎಂಬುದರಿಂದ ಊಹಿಸುತ್ತದೆ. ವಾಹನದ ಅಗಲ ಅ ಮೀಟರ್, ದೂರ ದ ಮೀಟರ್ ಆದರೆ ಕೋನೀಯ ಗಾತ್ರ ಅ/ದ ರೇಡಿಯನ್. ವಾಹನವು ಸೆಕೆಂಡಿಗೆ ವ ಮೀಟರ್ ವೇಗದಲ್ಲಿ ಸಮೀಪಿಸಿದರೆ ಆ ಕೋನ ಹಿಗ್ಗುವ ದರ (ಅ × ವ)/ದ². ಪಿಯುಸಿ ವಿದ್ಯಾರ್ಥಿಗಳು ಇದನ್ನು ಅವಕಲನದಿಂದ ತಾವೇ ಪಡೆಯಬಹುದು.

ಹಿಗ್ಗುವ ದರ ಸೆಕೆಂಡಿಗೆ ಸುಮಾರು 0.003 ರೇಡಿಯನ್ ದಾಟುವವರೆಗೆ ನಮಗೆ ವೇಗದ ಅರಿವಾಗುವುದಿಲ್ಲ ಎಂದು ಪ್ರಯೋಗಗಳಿಂದ ತಿಳಿದಿದೆ. ನೀವು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೀರಿ, ಎದುರಿನ ವಾಹನ ಗಂಟೆಗೆ 60 ಕಿಮೀ, ಅಂದರೆ ಸೆಕೆಂಡಿಗೆ 16.7 ಮೀಟರ್ ವೇಗದಲ್ಲಿದೆ ಎನ್ನಿ. 2.5 ಮೀಟರ್ ಅಗಲದ ಬಸ್ಸಾದರೆ 118 ಮೀಟರ್ ದೂರದಲ್ಲೇ ಈ ಮಿತಿ ದಾಟುತ್ತದೆ. 1.5 ಮೀಟರ್ ಅಗಲದ ಚಿಕ್ಕ ಕಾರು 91 ಮೀಟರಿನಲ್ಲಿ. ಹ್ಯಾಂಡಲ್ಲೂ ಸೇರಿ 0.75 ಮೀಟರ್ ಅಗಲದ ಬೈಕು 65 ಮೀಟರಿಗೆ ಬರುವ ತನಕ ನಿಂತಲ್ಲೇ ನಿಂತಂತೆ ತೋರುತ್ತದೆ. ಆಮೇಲೆ ಉಳಿಯುವ ಸಮಯ ನಾಲ್ಕು ಸೆಕೆಂಡಿಗೂ ಕಡಿಮೆ. ಬಸ್ಸಿನ ವಿಷಯದಲ್ಲಿ ಅದು ಏಳು ಸೆಕೆಂಡು.

ಸೂತ್ರದಲ್ಲಿ ದೂರದ ವರ್ಗ ಛೇದದಲ್ಲಿರುವುದನ್ನು ಗಮನಿಸಿ. ಬಿಂಬ ಬಹಳ ಹೊತ್ತು ಹಿಗ್ಗುವುದೇ ಇಲ್ಲ. ಕೊನೆಯಲ್ಲಿ ಒಮ್ಮೆಲೇ ಹಿಗ್ಗುತ್ತದೆ. 'ಎಲ್ಲಿಂದ ಬಂತೋ' ಎಂಬ ಮಾತಿನ ಮೂಲ ಇಲ್ಲಿದೆ. ಇದರ ಜೊತೆಗೆ, ಚಿಕ್ಕದಾಗಿ ಕಂಡದ್ದು ದೂರದಲ್ಲಿದೆ, ತಡವಾಗಿ ಬರುತ್ತದೆ ಎಂದು ಎಣಿಸುವುದು ಮಿದುಳಿನ ಹಳೆಯ ರೂಢಿ. ಆದ್ದರಿಂದ ಅದೇ ದೂರ, ಅದೇ ವೇಗವಿದ್ದರೂ ಬೈಕಿನ ಮುಂದೆ ನುಗ್ಗಲು ಚಾಲಕನಿಗೆ ಧೈರ್ಯ ಹೆಚ್ಚು.

ರಾತ್ರಿ ಇದು ಇನ್ನೂ ಕೆಡುತ್ತದೆ. ಕಾರಿನ ಎರಡು ದೀಪಗಳ ನಡುವಿನ ಅಂತರ ಹಿಗ್ಗುವುದನ್ನಾದರೂ ನೋಡಬಹುದು. ಬೈಕಿಗೆ ಇರುವುದು ಒಂದೇ ಚುಕ್ಕೆ. ಹಳ್ಳಿ ರಸ್ತೆಯಲ್ಲಿ ಇದಕ್ಕೆ ತಿರುವುಮುರುವಾದ ಅಪಾಯವೂ ಉಂಟು. ಒಂದು ದೀಪ ಕೆಟ್ಟ ಟ್ರ್ಯಾಕ್ಟರು ದೂರದಿಂದ ಬೈಕಿನಂತೆ ಕಾಣುತ್ತದೆ. ಬೈಕೆಂದು ಅಷ್ಟೇ ಜಾಗ ಬಿಟ್ಟವನ ಎದುರಿಗೆ ಟ್ರೇಲರ್ ಸಮೇತ ಬಂದು ನಿಲ್ಲುತ್ತದೆ.

ಬೈಕ್ ಸವಾರನ ಅಕ್ಷಿಪಟವೇನೂ ಬೇರೆಯಲ್ಲ, 0.003ರ ಮಿತಿ ಅವನಿಗೂ ಅನ್ವಯ. ವ್ಯತ್ಯಾಸ ಅನುಭವದಲ್ಲಿದೆ. ಬೈಕು ಎಷ್ಟು ವೇಗವಾಗಿ ಬರಬಲ್ಲದೆಂಬುದು ಅವನಿಗೆ ಗೊತ್ತು. ಬಿಂಬ ಹಿಗ್ಗುವುದಕ್ಕೆ ಕಾಯದೆ, 'ಇದು ಬೈಕು, ಅಂದರೆ ವೇಗವಾಗಿಯೇ ಇರಬಹುದು' ಎಂಬ ಊಹೆಯಿಂದ ಹೊರಡುತ್ತಾನೆ. ಭಾರತದಲ್ಲಿ 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಲ್ಲೂ ತಾನಾಗಿ ಉರಿಯುವಂತೆ ಕಡ್ಡಾಯ ಮಾಡಿದ್ದು ನೋಟವನ್ನು ಸೆಳೆಯುವುದಕ್ಕೆ. ದೀಪ 'ಇಲ್ಲಿದ್ದೇನೆ' ಎನ್ನುತ್ತದೆ. 'ಇಷ್ಟು ವೇಗದಲ್ಲಿದ್ದೇನೆ' ಎಂದು ಹೇಳಲಾರದು.

ಕಂಬದ ಮರೆ

ಕಾರಿನ ಮುಂದಿನ ಗಾಜಿನ ಎರಡೂ ಅಂಚಿಗೆ ಚಾವಣಿಯನ್ನು ಹೊತ್ತ ಕಂಬಗಳಿವೆ. ಕಾರು ಮಗುಚಿದಾಗ ಜೀವ ಉಳಿಸುವುದು ಇವೇ; ಆದ್ದರಿಂದಲೇ ಹೊಸ ಕಾರುಗಳಲ್ಲಿ ಇವು ದಪ್ಪ. ಬಲಗಡೆಯ ಕಂಬ ಚಾಲಕನ ಕಣ್ಣಿನಿಂದ ಸುಮಾರು 65 ಸೆಂಮೀ ದೂರದಲ್ಲಿದ್ದು, 10 ಸೆಂಮೀ ಅಗಲವಾಗಿದೆ ಎನ್ನೋಣ. ನಮ್ಮ ಎರಡು ಕಣ್ಣುಗಳ ಅಂತರ ಸುಮಾರು 6.5 ಸೆಂಮೀ. ಒಂದು ಕಣ್ಣಿಗೆ ಮರೆಯಾದದ್ದನ್ನು ಇನ್ನೊಂದು ಸ್ವಲ್ಪ ಮಟ್ಟಿಗೆ ನೋಡುತ್ತದೆ. ಆದರೂ 40 ಮೀಟರ್ ದೂರದಲ್ಲಿ ಎರಡೂ ಕಣ್ಣಿಗೆ ಕಾಣದ ಪಟ್ಟಿಯ ಅಗಲ 2.2 ಮೀಟರ್ ಬರುತ್ತದೆ. ಸಮರೂಪ ತ್ರಿಕೋನಗಳ ಚಿತ್ರ ಬರೆದು ಪರೀಕ್ಷಿಸಬಹುದು. ಬೈಕಿನ ಉದ್ದ ಸುಮಾರು 2 ಮೀಟರ್. ಇಡೀ ಬೈಕು, ಸವಾರನ ಸಮೇತ, ಕಂಬದ ಹಿಂದೆ ಹಿಡಿಸುತ್ತದೆ.

ಚಲಿಸುವ ಬೈಕು ಕ್ಷಣದಲ್ಲಿ ಮರೆಯಿಂದ ಹೊರಬರುವುದಿಲ್ಲವೇ? ಬರಬೇಕಾಗಿಲ್ಲ. ಕಾರು ಮುಖ್ಯರಸ್ತೆಯಲ್ಲಿ ಗಂಟೆಗೆ 60 ಕಿಮೀ, ಬೈಕು ಬಲಗಡೆಯ ಅಡ್ಡದಾರಿಯಿಂದ ಗಂಟೆಗೆ ಸುಮಾರು 35 ಕಿಮೀ ವೇಗದಲ್ಲಿ ಬರುತ್ತಿವೆ; ಎರಡೂ ಒಂದೇ ಕ್ಷಣಕ್ಕೆ ಕೂಡುರಸ್ತೆ ತಲಪುತ್ತವೆ ಎನ್ನಿ. ಆಗ ಚಾಲಕನ ಕಣ್ಣಿಗೆ ಬೈಕು ಇರುವ ದಿಕ್ಕು ಉದ್ದಕ್ಕೂ ಒಂದೇ: ನೇರ ಮುಂದಿನಿಂದ ಸುಮಾರು 30 ಡಿಗ್ರಿ ಬಲಕ್ಕೆ. ಅನೇಕ ಕಾರುಗಳಲ್ಲಿ ಕಂಬ ಇರುವುದೂ ಅಲ್ಲೇ ಆಸುಪಾಸಿನಲ್ಲಿ. ಹಡಗಿನವರಿಗೆ ಈ ಸೂತ್ರ ಹಳೆಯದು. ದೂರದ ಹಡಗಿನ ದಿಕ್ಕು ಬದಲಾಗದೆ ಅದರ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿ ಖಂಡಿತ. ಡಿಕ್ಕಿಯಾಗದ ವಾಹನಗಳು ಗಾಜಿನ ಮೇಲೆ ಸರಿದಾಡಿ ಗಮನ ಸೆಳೆಯುತ್ತವೆ, ಡಿಕ್ಕಿಯಾಗಲಿರುವುದು ಅಲುಗುವುದಿಲ್ಲ.

ಬೈಕು 40 ಮೀಟರ್ ದೂರದಲ್ಲಿದ್ದಾಗ ಕಾರಿಗೆ ಕೂಡುರಸ್ತೆ 35 ಮೀಟರ್, ಅಂದರೆ ಎರಡು ಸೆಕೆಂಡು. ಆ ವೇಗದಲ್ಲಿ ಒಣ ಡಾಂಬರಿನ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವೇ ಸುಮಾರು 37 ಮೀಟರ್: ಎಚ್ಚೆತ್ತು ಬ್ರೇಕ್ ತುಳಿಯುವ ಒಂದು ಸೆಕೆಂಡಿನಲ್ಲಿ 17 ಮೀಟರ್, ಘರ್ಷಣಾ ಗುಣಾಂಕ 0.7 ಎಂದು ಹಿಡಿದರೆ ಬ್ರೇಕ್ ಹಿಡಿದ ಮೇಲೆ 20 ಮೀಟರ್. ಒದ್ದೆ ರಸ್ತೆಯಲ್ಲಿ ಗುಣಾಂಕ 0.4ಕ್ಕೆ ಇಳಿದರೆ ಒಟ್ಟು 52 ಮೀಟರ್.

ಪರಿಹಾರ ಸರಳ: ಕೂಡುರಸ್ತೆಗೆ ಮೊದಲು ತಲೆಯನ್ನು ಒಂದು ಗೇಣು ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡುವುದು. ಬೈಕಿನ ಮೇಲೆ ಕಂಬಗಳಿಲ್ಲ. ಅಡೆತಡೆಯಿಲ್ಲದ ನೋಟಕ್ಕೆ ಒಗ್ಗಿದವನಿಗೆ ಕಾರಿನಲ್ಲಿ ಕುಳಿತೊಡನೆ ಈ ಕಂಬ ಕಿರಿಕಿರಿ ಎನಿಸುತ್ತದೆ, ಕತ್ತು ತಾನಾಗಿ ಅತ್ತಿತ್ತ ಆಡುತ್ತದೆ. ಕಾರಿನಲ್ಲೇ ಕಲಿತವನಿಗೆ ಕಂಬ ಇದೆ ಎಂಬುದೇ ಮರೆತುಹೋಗಿರುತ್ತದೆ.

ನೆಲದ ಪಾಠ

ಸುಗ್ಗಿಯ ಕಾಲದಲ್ಲಿ ಉತ್ತರ ಕರ್ನಾಟಕದ ರಸ್ತೆಗಳೇ ಕಣಗಳು. ಹೆಸರು, ಜೋಳದ ತೆನೆಗಳನ್ನು ಡಾಂಬರಿನ ಮೇಲೆ ಹರಡುತ್ತಾರೆ. ಹಾದುಹೋಗುವ ವಾಹನಗಳ ಗಾಲಿಯೇ ರಾಶಿ ಮಾಡಿಕೊಡುತ್ತದೆ. ಕಾರಿನವರಿಗೆ ಇದು ಮೆತ್ತನೆಯ ಸದ್ದು, ಅಷ್ಟೆ. ಬೈಕಿಗೆ ಒಣ ಹೊಟ್ಟಿನ ಮೇಲೆ ಬ್ರೇಕ್ ಹಿಡಿಯುವುದೆಂದರೆ ಬೀಳುವುದು. ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಅಂಟಿ ರಸ್ತೆಗೆ ಬಂದ ಎರೆಮಣ್ಣು ಇನ್ನೂ ಕೆಟ್ಟದ್ದು. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ, ಟಯರಿಗೂ ಡಾಂಬರಿಗೂ ನಡುವೆ ಎಣ್ಣೆಯಂತೆ ಕೂರುತ್ತದೆ.

ತಿರುವಿನಲ್ಲಿ ಇದರ ಲೆಕ್ಕ ಹೀಗಿದೆ. 40 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿಮೀ ವೇಗದಲ್ಲಿ ದಾಟಲು ಬೇಕಾದ ಘರ್ಷಣಾ ಗುಣಾಂಕ 0.31. ಇದು ಕಾರಿಗೂ ಬೈಕಿಗೂ ಒಂದೇ, ಏಕೆಂದರೆ ಸೂತ್ರದಲ್ಲಿ ದ್ರವ್ಯರಾಶಿ ಇಲ್ಲ. ಆದರೆ ಬೈಕು ಅದಕ್ಕಾಗಿ 17 ಡಿಗ್ರಿ ಒಳಕ್ಕೆ ಬಾಗಬೇಕು. ಆ ಬಾಗಿನಲ್ಲಿ ಉಸುಕೋ ಖಡಿಯೋ ಸಿಕ್ಕಿ ಗಾಲಿ ಜಾರಿದರೆ ಅದನ್ನು ಎತ್ತಿ ಹಿಡಿಯುವ ಬಲವೇ ಇಲ್ಲವಾಗುತ್ತದೆ. ಕಾರು ಅದೇ ಖಡಿಯ ಮೇಲೆ ಅರ್ಧ ಮೀಟರ್ ಹೊರಕ್ಕೆ ಜಾರಿ ಮತ್ತೆ ಹಿಡಿತ ಪಡೆಯುತ್ತದೆ. ಚಾಲಕನಿಗೆ ಗೊತ್ತೇ ಆಗದಿರಬಹುದು. ಘರ್ಷಣೆ ಎಷ್ಟು ಉಳಿದಿದೆ ಎಂಬ ಸುದ್ದಿ ಬೈಕ್ ಸವಾರನ ಮೈಗೆ ನೇರವಾಗಿ ತಲಪುತ್ತದೆ. ಕಾರಿನಲ್ಲಿ ನಾಲ್ಕು ಗಾಲಿ, ಸ್ಪ್ರಿಂಗು, ಮೆತ್ತನೆಯ ಆಸನಗಳನ್ನು ದಾಟಿ ಬರುವಷ್ಟರಲ್ಲಿ ಅದು ಸವೆದುಹೋಗಿರುತ್ತದೆ.

ಈ ಪಾಠ ಕಲಿತವನು ಕಾರಿನಲ್ಲಿ ಎರಡು ರೀತಿ ಬದಲಾಗುತ್ತಾನೆ. ತನ್ನ ಬ್ರೇಕಿನ ಬಗ್ಗೆ ಎಚ್ಚರವಿಡುತ್ತಾನೆ. ಜೊತೆಗೆ ರಸ್ತೆಯನ್ನು ಮುಂದಿನ ಬೈಕಿನವನ ಕಣ್ಣಿನಿಂದ ಓದುತ್ತಾನೆ: ಅಲ್ಲಿ ಗುಂಡಿ ಇದೆ, ಅವನು ಬಲಕ್ಕೆ ಬರುತ್ತಾನೆ, ಬಯಲಿನಲ್ಲಿ ಅಡ್ಡಗಾಳಿ ಇದೆ, ಬಸ್ಸು ದಾಟಿದ ಕೂಡಲೇ ಅವನು ತೂಗಾಡುತ್ತಾನೆ. ಆದ್ದರಿಂದ ಹಿಂದಿಕ್ಕುವಾಗ ಇನ್ನೊಂದು ಮೀಟರ್ ಬಿಡುತ್ತಾನೆ.

ಅನುಭವವೇ ಕಾರಣವೇ?

ಇಲ್ಲಿಯವರೆಗೆ ಹೇಳಿದ್ದು ಕಾರಣಗಳ ತರ್ಕ. ಅಪಘಾತದ ಅಂಕಿಅಂಶ ಇದನ್ನು ಒಪ್ಪುತ್ತದೆಯೇ? ಯುರೋಪಿನ ಐದು ದೇಶಗಳಲ್ಲಿ 1999 ಮತ್ತು 2000ದಲ್ಲಿ ಆಳವಾಗಿ ಪರಿಶೀಲಿಸಿದ 921 ಬೈಕ್ ಅಪಘಾತಗಳ ಮಾಹಿತಿಯನ್ನು ಬಳಸಿ ಇಟಲಿಯ ಮಗಾಟ್ಸು, ಕೊಮೆಲ್ಲಿ ಮತ್ತು ಮರಿನೋನಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಾರು-ಬೈಕ್ ಅಪಘಾತಗಳಲ್ಲಿ, ಬೈಕ್ ಪರವಾನಗಿಯೂ ಇದ್ದ ಕಾರು ಚಾಲಕರು ತಪ್ಪಿಗೆ ಹೊಣೆಯಾದ ಸಾಧ್ಯತೆ ಉಳಿದವರಿಗಿಂತ ಕಡಿಮೆ ಎಂದು ಕಂಡುಬಂತು. 2003ರಲ್ಲಿ ಬ್ರಿಟನ್ನಿನ ಹಾರ್ಸ್‌ವಿಲ್ ಮತ್ತು ಹೆಲ್‌ಮನ್ ವಿಡಿಯೋ ಬಳಸಿ ಮಾಡಿದ ಪರೀಕ್ಷೆಯಲ್ಲಿ, ಬೈಕ್ ಸವಾರರು ತಾವು ಕಾರಿನಲ್ಲಿದ್ದೇವೆಂದು ಭಾವಿಸಿ ಉತ್ತರಿಸಿದಾಗ ಅಪಾಯವನ್ನು ಗುರುತಿಸುವುದರಲ್ಲಿ ಬರಿಯ ಕಾರು ಚಾಲಕರಿಗಿಂತ ಮುಂದಿದ್ದರು. ಬೈಕಿನಲ್ಲಿದ್ದೇವೆಂದು ಭಾವಿಸಿ ಉತ್ತರಿಸಿದಾಗ ಮಾತ್ರ ಹೆಚ್ಚು ವೇಗ, ಕಿರಿದಾದ ಸಂದುಗಳನ್ನೇ ಆರಿಸಿಕೊಂಡರು!

ಆದರೆ ಇಂಥ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರ ಬೇಕು. ಯುರೋಪಿನಲ್ಲಿ ಬೈಕ್ ಕಲಿಯುವವರು ಆಸೆಯಿಂದ ಆರಿಸಿಕೊಂಡು ಕಲಿಯುತ್ತಾರೆ. ರಸ್ತೆಯ ಬಗ್ಗೆ ಅವರಿಗೆ ಮೊದಲೇ ಆಸಕ್ತಿ ಹೆಚ್ಚಿದ್ದಿರಬಹುದು. ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು.

ನಮ್ಮಲ್ಲಿ ಪ್ರಶ್ನೆ ಇನ್ನೂ ಜಟಿಲ. ನಮ್ಮ ನೋಂದಾಯಿತ ವಾಹನಗಳಲ್ಲಿ ಮುಕ್ಕಾಲು ಪಾಲು ದ್ವಿಚಕ್ರಗಳೇ. ಧಾರವಾಡ ಸೀಮೆಯಲ್ಲಿ ಕಾರು ಕೊಂಡವರಲ್ಲಿ ಬಹುತೇಕರು ಮೊದಲು ಬೈಕ್ ಓಡಿಸಿದವರೇ. ಹಾಗಾದರೆ ನಮ್ಮ ಕಾರು ಚಾಲಕರು ಜಗತ್ತಿನಲ್ಲೇ ಶ್ರೇಷ್ಠರಾಗಬೇಕಿತ್ತು. ಆಗಿಲ್ಲ. ಇದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು ಎಂದು ಈ ಲೇಖಕನ ಅಭಿಪ್ರಾಯ.

ಮೊದಲನೆಯದು, ಬೈಕಿನ ಕೆಟ್ಟ ಅಭ್ಯಾಸಗಳೂ ಕಾರಿಗೆ ಬರುತ್ತವೆ. ಎಡದಿಂದ ನುಸುಳುವುದು, ಸಂದಿಯಲ್ಲಿ ತೂರುವುದು 0.75 ಮೀಟರ್ ಅಗಲದ ವಾಹನಕ್ಕೆ ಹೇಗೋ ನಡೆಯುತ್ತದೆ. ಅದರ ಎರಡು ಪಟ್ಟು ಅಗಲವಾದದ್ದಕ್ಕೆ ನಡೆಯದು. ಎರಡನೆಯದು, ಕಾರು ಮರೆಸುತ್ತದೆ. ಗಾಳಿಯ ಹೊಡೆತ, ಸದ್ದು, ನಡುಕಗಳೇ ನಮಗೆ ವೇಗದ ಅರಿವು ಕೊಡುವವು. ಗಾಜು ಏರಿಸಿ ಹಾಡು ಹಾಕಿದರೆ 80 ಕಿಮೀ ವೇಗವೂ 50ರಂತೆ ಅನಿಸುತ್ತದೆ. ಹತ್ತು ವರ್ಷ ಬೈಕನ್ನು ಮುಟ್ಟದವನ ಮೈಯಲ್ಲಿ ಹಳೆಯ ಪಾಠ ಎಷ್ಟು ಉಳಿದೀತು? ಮೂರನೆಯದು ತುಸು ಸೂಕ್ಷ್ಮ. 2005ರಲ್ಲಿ ಜೆರೆಮಿ ವೋಲ್ಫ್ ಮತ್ತು ಸಂಗಡಿಗರು ತೋರಿಸಿದಂತೆ, ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ಜನ ಅದನ್ನು ಶೇ. 7ರಷ್ಟು ಸಲ ತಪ್ಪಿಸಿಕೊಂಡರೆ, ಶೇ. 1ರಷ್ಟು ಚಿತ್ರಗಳಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು ಸಲ ತಪ್ಪಿಸಿಕೊಂಡರು. ಯುರೋಪಿನಲ್ಲಿ ಬೈಕು ಅಪರೂಪ, ಆದ್ದರಿಂದ ಕಾಣದು. ಸವದತ್ತಿ ರಸ್ತೆಯಲ್ಲಿ ಬೈಕು ಅಪರೂಪವಲ್ಲ. ಅಲ್ಲಿ ರಾತ್ರಿಯ ಅಪರೂಪದ ವಸ್ತುಗಳೆಂದರೆ ಹಿಂದೀಪವಿಲ್ಲದ ಟ್ರೇಲರು, ಪ್ರತಿಫಲಕ ಹಚ್ಚದ ಚಕ್ಕಡಿ, ಕತ್ತಲಲ್ಲಿ ನಡೆದು ಹೊರಟ ಯಾತ್ರಿಕ. ಇವುಗಳ ವಿಷಯದಲ್ಲಿ ಬೈಕ್ ಅನುಭವ ಕಾರಿನವನಿಗೆ ಅಷ್ಟಾಗಿ ನೆರವಾಗದು. ಬೈಕಿನವನೂ ಅವುಗಳಿಗೆ ಗುದ್ದುತ್ತಾನೆ.

ಶಾಲೆಯಲ್ಲಿ ಮಾಡಬಹುದಾದದ್ದು

ಬೈಕ್ ಏರಲು ವಯಸ್ಸಾಗದ ವಿದ್ಯಾರ್ಥಿಗಳೂ ಸವಾರನ ಒಂದು ಗುಟ್ಟನ್ನು ಪರೀಕ್ಷಿಸಬಹುದು. ಅಡ್ಡದಾರಿಯಲ್ಲಿ ನಿಂತ ಕಾರು ಹೊರಡುವುದೋ ಇಲ್ಲವೋ ಎಂದು ತಿಳಿಯಲು ಅನುಭವಿ ಸವಾರರು ಚಾಲಕನ ಮುಖಕ್ಕಿಂತ ಮುಂದಿನ ಗಾಲಿಯನ್ನು ನೋಡುತ್ತಾರೆ. ಉರುಳುವ ಗಾಲಿಯಲ್ಲಿ ನೆಲ ಮುಟ್ಟಿದ ಬಿಂದುವಿನ ವೇಗ ಸೊನ್ನೆ, ನಡುವಿನ ಅಚ್ಚಿನದು ವಾಹನದ ವೇಗ, ತುದಿಯದು ಅದರ ಎರಡು ಪಟ್ಟು. ಕಾರಿನ ಮೈ ಒಂದು ಗೇಣು ಸರಿಯುವಷ್ಟರಲ್ಲಿ ಗಾಲಿಯ ನೆತ್ತಿ ಎರಡು ಗೇಣು ಸರಿದಿರುತ್ತದೆ. ಸೈಕಲ್ಲಿನ ಟಯರಿನ ಮೇಲ್ತುದಿಗೆ ಸುಣ್ಣದ ಗುರುತು ಹಾಕಿ, ಮೆಲ್ಲಗೆ ತಳ್ಳಿ, ಇಪ್ಪತ್ತು ಹೆಜ್ಜೆ ದೂರ ನಿಂತ ಗೆಳೆಯರಿಗೆ ಸೈಕಲ್ಲಿನ ಆಸನ ಚಲಿಸಿದ್ದು ಮೊದಲು ಕಂಡಿತೋ ಗುರುತು ಚಲಿಸಿದ್ದೋ ಎಂದು ಕೇಳಿ, ಬರೆದುಕೊಳ್ಳಿ.

ಇನ್ನೊಂದು ಪ್ರಯೋಗಕ್ಕೆ ನಿಂತ ಕಾರು ಸಾಕು. ಶಿಕ್ಷಕರು ಆಸನದಲ್ಲಿ ಕುಳಿತು ತಲೆ ಅಲುಗಿಸದೆ ನೋಡುತ್ತಿರಲಿ. ಮೈದಾನದಲ್ಲಿ 10, 20, 40 ಮೀಟರ್ ದೂರಗಳಲ್ಲಿ ಒಬ್ಬ ವಿದ್ಯಾರ್ಥಿ ಸೈಕಲ್ ಹಿಡಿದು ಬಲಗಂಬದ ಮರೆಗೆ ಬರಲಿ. ಪೂರ್ತಿ ಮರೆಯಾದ ಪಟ್ಟಿಯ ಎರಡು ಅಂಚಿಗೂ ಕಲ್ಲಿಟ್ಟು ಅಳೆಯಿರಿ. ಆಮೇಲೆ ಶಿಕ್ಷಕರು ತಲೆಯನ್ನು ಒಂದು ಗೇಣು ಮುಂದಕ್ಕೆ ಬಾಗಿಸಿದಾಗ ಆ ಪಟ್ಟಿ ಎಲ್ಲಿಗೆ ಸರಿಯುತ್ತದೆ ಎಂಬುದನ್ನೂ ಗುರುತಿಸಿ. ಕಾರಿನಿಂದ ಇಳಿಯುವಾಗ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಲು ಶಿಕ್ಷಕರಿಗೆ ಹೇಳಿ. ಹಾಗೆ ತೆರೆಯಲು ಹೋದರೆ ಭುಜ ತಿರುಗುತ್ತದೆ, ಹಿಂದಿನಿಂದ ಬರುವ ಬೈಕಿನ ಕಡೆಗೆ ಮುಖವೂ ತಿರುಗುತ್ತದೆ.